ತಾನೇ ನುಡಿಸುವ ಪಿಯಾನೊದ ದನಿ ತಗ್ಗಿಸುವುದು: ಸ್ವರ ನುಂಗದಂತೆ ವಾಲ್ಯೂಮ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ದನಿ ಕಡಿಮೆ ಮಾಡಿದರೆ ಅರ್ಧ ಸ್ವರ ಮಾಯ. ಜಾಸ್ತಿ ಮಾಡಿದರೆ ಕೆಳಗಿನ ಫ್ಲ್ಯಾಟಿನವರು ಬೆಲ್ ಒತ್ತುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪ್ಲೇಯರ್ ಪಿಯಾನೊ ಇಟ್ಟುಕೊಂಡವರಿಂದ ಮತ್ತೆ ಮತ್ತೆ ಬರುವ ದೂರು ಇದೊಂದೇ. ಹೆಚ್ಚಿನವರು ಮಾಡುವ ತಪ್ಪೂ ಒಂದೇ: ಮೊದಲು ಆ್ಯಪ್ ತೆರೆದು ವಾಲ್ಯೂಮ್ ಗುಂಡಿಗೆ ಕೈ ಹಾಕುತ್ತಾರೆ. ಆ ಗುಂಡಿ ಈ ಕೆಲಸದಲ್ಲಿ ಕೊನೆಯ ಹೆಜ್ಜೆ.

ಇದು ಸ್ಪೀಕರ್ ಅಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಪ್ರತಿ ಕೀಯ ಹಿಂಬದಿಯ ಕೆಳಗೆ ಒಂದು ಸೊಲೆನಾಯ್ಡ್ ಇದೆ, ಅಂದರೆ ಕರೆಂಟು ಹರಿದಾಗ ಒಳಗಿನ ಕಡ್ಡಿಯನ್ನು ತಳ್ಳುವ ತಾಮ್ರದ ಸುರುಳಿ. ಅದರ ಕಡ್ಡಿ ಕೀಯ ಹಿಂಬದಿಯನ್ನು ಮೇಲಕ್ಕೆ ತಳ್ಳುತ್ತದೆ, ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಸುತ್ತಿಗೆ ತಂತಿಗೆ ತಾಗುವ 1.5ರಿಂದ 3 ಮಿಲಿಮೀಟರ್ ಮೊದಲೇ ಕೀಯ ಹಿಡಿತದಿಂದ ಬಿಡುಗಡೆಯಾಗುತ್ತದೆ. ಉಳಿದ ದೂರವನ್ನು ತನ್ನ ವೇಗದಲ್ಲೇ ಹಾರಿ ದಾಟಬೇಕು. ವೇಗ ಸಾಲದಿದ್ದರೆ ಕೀ ಇಳಿದದ್ದು ಕಣ್ಣಿಗೆ ಕಾಣುತ್ತದೆ, ದನಿ ಮಾತ್ರ ಬರುವುದಿಲ್ಲ. ಆದ್ದರಿಂದ ಪ್ರತಿ ಪಿಯಾನೊಗೂ, ಪ್ರತಿ ಕೀಗೂ ಒಂದು ಕೆಳಮಿತಿ ಇದೆ. ಅದರ ಕೆಳಗೆ ಮೌನ. ಆ ಮಿತಿಯನ್ನು ಹುಡುಕಿ, ಗಟ್ಟಿಮಾಡಿ, ಅದರ ಮೇಲೆ ಉಳಿದದ್ದನ್ನು ಕಟ್ಟುವುದೇ ಈ ಕೆಲಸ.

## ಹಂತ 1: ನಿಮ್ಮ ಬಳಿ ಇರುವುದು ಯಾವ ಬಗೆ?

ಯಮಹಾ ಡಿಸ್ಕ್‌ಲೇವಿಯರ್, ಸ್ಟೈನ್‌ವೇ ಸ್ಪಿರಿಯೊ ಇವು ಕಾರ್ಖಾನೆಯಲ್ಲೇ ಅಳವಡಿಸಿ ಬರುವಂಥವು. ಪಿಯಾನೊಡಿಸ್ಕ್, ಕ್ಯೂಆರ್‌ಎಸ್‌ನ ಪಿಎನ್‌ಒಮೇಷನ್ ಇವನ್ನು ಬೇರೆ ಕಂಪನಿಯ ಪಿಯಾನೊಗೂ ಆಮೇಲೆ ಕೂರಿಸಬಹುದು. ಹೊಂದಿಸುವವರಿಗೆ ಮುಖ್ಯವಾದ ಪ್ರಶ್ನೆ ಬೇರೆ: ಕೀ ಎಷ್ಟು ವೇಗವಾಗಿ ಇಳಿಯಿತು ಎಂದು ಅಳೆದು ತಿದ್ದಿಕೊಳ್ಳುವ ಸೆನ್ಸರ್ ಇದೆಯೇ? ಇದ್ದರೆ ಚಿಕ್ಕಪುಟ್ಟ ವ್ಯತ್ಯಾಸವನ್ನು ಯಂತ್ರವೇ ಸರಿದೂಗಿಸುತ್ತದೆ. ಇಲ್ಲದಿದ್ದರೆ ವಿದ್ಯುತ್ತಿನ ಬಲ ಒಂದೇ ಸಮ ಹೋಗುತ್ತದೆ. ಯಾವ ಕೀ ಬಿಗಿಯಾಗಿದೆ, ಯಾವುದು ಸಡಿಲ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎರಡನೆಯ ಬಗೆಯಲ್ಲಿ 6ನೇ ಹಂತದ ಕೆಲಸ ಪೂರ್ತಿ ನಿಮ್ಮದೇ. ಕೈಪಿಡಿಯಲ್ಲಿ ಕನಿಷ್ಠ ಬಲ, ಗರಿಷ್ಠ ಬಲ, ಪ್ರತಿ ಸ್ವರದ ಹೊಂದಾಣಿಕೆ, ಪೆಡಲ್ ಬಲ ಈ ನಾಲ್ಕು ಎಲ್ಲಿವೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಹೆಸರು ಕಂಪನಿಗೊಂದು ತರ ಇರುತ್ತದೆ, ಕೆಲಸ ಒಂದೇ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ. ತೇವಾಂಶ ತೋರಿಸುವ ಡಿಜಿಟಲ್ ಹೈಗ್ರೋಮೀಟರ್, ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ವೋಲ್ಟೇಜ್ ಮೀಟರ್ (ಎರಡೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ), ಟಾರ್ಚ್, ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಹಿಡಿ ಒಂದು ರೂಪಾಯಿ ನಾಣ್ಯ, 88 ಸಾಲು ಗೆರೆ ಎಳೆದ ನೋಟ್‌ಬುಕ್.

ಜೊತೆಗೆ ಒಂದು ಪರೀಕ್ಷಾ ಮಿಡಿ ಫೈಲ್ (ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಎಂಬ ಆದೇಶಗಳ ಪಟ್ಟಿ) ಬೇಕು. ಮ್ಯೂಸ್‌ಸ್ಕೋರ್‌ನಂಥ ಉಚಿತ ತಂತ್ರಾಂಶದಲ್ಲಿ ನೀವೇ ಮಾಡಿಕೊಳ್ಳಬಹುದು: ಎಡತುದಿಯಿಂದ ಬಲತುದಿಯವರೆಗೆ 88 ಸ್ವರ, ಸೆಕೆಂಡಿಗೊಂದು, ಪೆಡಲ್ ಇಲ್ಲದೆ. ಮಿಡಿಯಲ್ಲಿ ಬಡಿತದ ಜೋರನ್ನು 1ರಿಂದ 127ರವರೆಗಿನ ವೆಲಾಸಿಟಿ ಅಂಕಿಯಲ್ಲಿ ಹೇಳುತ್ತಾರೆ. ಇದೇ ಸಾಲನ್ನು 30, 45, 70, 100 ಹೀಗೆ ನಾಲ್ಕು ವೆಲಾಸಿಟಿಯಲ್ಲಿ ನಾಲ್ಕು ಫೈಲ್ ಮಾಡಿ. ಇಷ್ಟದ ಹಾಡು ಹಾಕಿ ಪರೀಕ್ಷಿಸಬೇಡಿ. ಹಾಡಿನಲ್ಲಿ ಬಿಟ್ಟುಹೋದ ಸ್ವರವನ್ನು ನಮ್ಮ ಕಿವಿ ತಾನೇ ತುಂಬಿಕೊಂಡುಬಿಡುತ್ತದೆ.

## ಹಂತ 2: ವಿದ್ಯುತ್ ಆಫ್ ಮಾಡಿ, ಕೀಗಳನ್ನು ಬೆರಳಿನಿಂದ ಕೇಳಿ

ಬಿಗಿಯಾದ ಕೀಗೆ ಸೊಲೆನಾಯ್ಡ್ ಬಲ ಏರಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದಕ್ಕೇ ಯಂತ್ರಕ್ಕೆ ಮೊದಲು ಮರವನ್ನು ನೋಡಬೇಕು.

ಒಂದೊಂದೇ ಬಿಳಿ ಕೀಯನ್ನು ತೋರುಬೆರಳಿನಿಂದ ಬಹಳ ನಿಧಾನವಾಗಿ, ಎರಡು ಮೂರು ಸೆಕೆಂಡು ತೆಗೆದುಕೊಂಡು ತಳದವರೆಗೆ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಸುಮಾರು 10 ಮಿಲಿಮೀಟರ್ ಪಯಣ. ಸರಿಯಿರುವ ಕೀಯಲ್ಲಿ ಬೆಣ್ಣೆಯ ಮೇಲೆ ಚಾಕು ಇಳಿದಂತೆ ಇಳಿದು, ತಳದ ಹತ್ತಿರ ಒಂದು ಸಣ್ಣ ತೊಡಕು ಬೆರಳಿಗೆ ತಾಗುತ್ತದೆ. ಅದು ಸುತ್ತಿಗೆ ಬಿಡುಗಡೆಯಾಗುವ ಜಾಗ, ದೋಷವಲ್ಲ. ಬಿಡುವಾಗ ಕೀ ಬೆರಳನ್ನು ಹಿಂಬಾಲಿಸಿಕೊಂಡು ಮೇಲೆ ಬರಬೇಕು. ಬೆರಳು ಎದ್ದಮೇಲೆ ಒಂದು ಕ್ಷಣ ತಡೆದು ಬಂದರೆ, ಪಕ್ಕದ ಕೀಗಿಂತ ಕೂದಲೆಳೆಯಷ್ಟು ಕೆಳಗೇ ನಿಂತರೆ, ಅಥವಾ ಅಕ್ಕಪಕ್ಕ ಅಲುಗಿಸಿದಾಗ ಸ್ವಲ್ಪವೂ ಅಲುಗದಿದ್ದರೆ ಆ ಕೀಯ ಬುಶಿಂಗ್ ಬಟ್ಟೆ (ಕೀ ಕೂರುವ ರಂಧ್ರದ ಒಳಗೆ ಅಂಟಿಸಿದ ಉಣ್ಣೆಯ ಬಟ್ಟೆ) ಊದಿಕೊಂಡಿದೆ. ನೋಟ್‌ಬುಕ್‌ನಲ್ಲಿ ಅದರ ಮುಂದೆ ಒಂದು ಚುಕ್ಕೆ ಇಡಿ.

ಚುಕ್ಕೆ ಬಿದ್ದ ಕೀಗಳನ್ನು ತೂಕದಿಂದ ಖಚಿತ ಮಾಡಿಕೊಳ್ಳಿ. ಒಂದು ರೂಪಾಯಿ ನಾಣ್ಯಗಳನ್ನು ತಕ್ಕಡಿಯಲ್ಲಿ ಒಟ್ಟು 50 ಗ್ರಾಂ ಆಗುವಷ್ಟು ಪೇರಿಸಿ ಟೇಪ್ ಸುತ್ತಿ. ಬಲ ಪೆಡಲನ್ನು ಒತ್ತಿ ಹಿಡಿದು (ತಂತಿಯ ಕಂಪನ ನಿಲ್ಲಿಸುವ ಡ್ಯಾಂಪರ್‌ಗಳ ಭಾರ ಲೆಕ್ಕಕ್ಕೆ ಬರಬಾರದು) ಕೀಯ ಮುಂದಿನ ಅಂಚಿನ ಹತ್ತಿರ ಈ ಕಟ್ಟನ್ನು ಇಡಿ. ಕೀ ಮೆಲ್ಲಗೆ ಇಳಿಯಬೇಕು. 60 ಗ್ರಾಂ ಇಟ್ಟರೂ ಇಳಿಯದಿದ್ದರೆ ಅಲ್ಲಿ ಘರ್ಷಣೆ ಹೆಚ್ಚಿದೆ. ತಿರುಗಿಸಿ ನೋಡುವುದೂ ಅಷ್ಟೇ ಮುಖ್ಯ: ಕೀಯನ್ನು ಕೆಳಗೊತ್ತಿ 20 ಗ್ರಾಂ ಮಾತ್ರ ಇಟ್ಟು ಬಿಟ್ಟಾಗ ಅದನ್ನು ಎತ್ತಿಕೊಂಡು ಮೇಲೆ ಬರಬೇಕು. ಹತ್ತು ರೂಪಾಯಿ ನಾಣ್ಯ ಬೇಡ. ಅದರ ಅಗಲ 27 ಮಿಲಿಮೀಟರ್, ಬಿಳಿ ಕೀಗಿಂತ ಹೆಚ್ಚು. ಅಂಚು ಪಕ್ಕದ ಕೀಗಳ ಮೇಲೆ ಕೂತು ಅಳತೆ ಸುಳ್ಳಾಗುತ್ತದೆ.

ಒಂದೆರಡು ಕೀ ಕೆಟ್ಟಿದ್ದರೆ ತಂತ್ರಜ್ಞರಿಗೆ ಅರ್ಧ ಗಂಟೆಯ ಕೆಲಸ. ಹದಿನೈದಿಪ್ಪತ್ತು ಇದ್ದರೆ ಕಾರಣ ಕೀಗಳಲ್ಲಿಲ್ಲ, ಕೋಣೆಯಲ್ಲಿದೆ. ಬುಶಿಂಗ್‌ಗೆ ಎಣ್ಣೆ, ಡಬ್ಲ್ಯುಡಿ-40, ತೆಂಗಿನೆಣ್ಣೆ ಯಾವುದನ್ನೂ ಮುಟ್ಟಿಸಬೇಡಿ. ಉಣ್ಣೆಯ ಬಟ್ಟೆ ಎಣ್ಣೆ ಕುಡಿದು ಇನ್ನಷ್ಟು ಊದುತ್ತದೆ, ಧೂಳು ಹಿಡಿಯುತ್ತದೆ, ಕೊನೆಗೆ ಬಟ್ಟೆಯನ್ನೇ ಬದಲಾಯಿಸಬೇಕಾಗುತ್ತದೆ.

## ಹಂತ 3: ಕೋಣೆ, ಮುಚ್ಚಳ, ನೆಲ

ಬೆಂಗಳೂರಿನ ಹವೆ ತಂಪು ಎಂಬ ಮಾತಿಗೆ ಪಿಯಾನೊ ಒಪ್ಪುವುದಿಲ್ಲ. ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನ ಮರ ಒಣಗಿ ಕೀಗಳು ಸಡಿಲವಾಗುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ಏರಿ ಬಿಗಿಯಾಗುತ್ತವೆ. ಬೇಸಿಗೆಯಲ್ಲಿ ನಾಜೂಕಾಗಿ ಹೊಂದಿಸಿದ ಕೆಳಮಿತಿ ಆಗಸ್ಟ್‌ನಲ್ಲಿ ಸ್ವರ ನುಂಗುವುದು ಇದೇ ಕಾರಣಕ್ಕೆ. ಹೈಗ್ರೋಮೀಟರನ್ನು ಪಿಯಾನೊ ಪಕ್ಕ ಒಂದು ವಾರ ಇಟ್ಟು ಬೆಳಗ್ಗೆ, ರಾತ್ರಿ ಅಂಕಿ ಬರೆದಿಡಿ. 40ರಿಂದ 60 ಪ್ರತಿಶತದ ನಡುವೆ ನಿಲ್ಲುವಂತೆ ಮಾಡಿದ ಮೇಲೆ ಮುಂದುವರಿಯಿರಿ. ಡೀಹ್ಯುಮಿಡಿಫೈಯರ್ ಆಗಲಿ, ಪಿಯಾನೊ ಒಳಗೇ ಕೂರಿಸುವ ತೇವಾಂಶ ನಿಯಂತ್ರಕವಾಗಲಿ ನಡೆಯುತ್ತದೆ. ಬಾಲ್ಕನಿ ಬಾಗಿಲ ಪಕ್ಕ, ಪಶ್ಚಿಮದ ಬಿಸಿಲು ಬೀಳುವ ಕಿಟಕಿಯ ಮುಂದೆ, ಎಸಿಯ ಗಾಳಿ ನೇರ ಬಡಿಯುವಲ್ಲಿ ಇಟ್ಟ ಪಿಯಾನೊವನ್ನು ಯಾರೂ ಸ್ಥಿರವಾಗಿ ಹೊಂದಿಸಲಾರರು.

ಇನ್ನು ದನಿ. ನಮ್ಮ ಮನೆಗಳಲ್ಲಿ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ನೆಲ, ಬರಿಯ ಗೋಡೆ. ಅಲ್ಲಿ ಸಣ್ಣ ದನಿಯೂ ದೊಡ್ಡದಾಗುತ್ತದೆ. ಯಂತ್ರದಿಂದ ದನಿ ತಗ್ಗಿಸುವ ಮೊದಲು ಕೋಣೆಯಿಂದ ತಗ್ಗಿಸಿ: ಗ್ರ್ಯಾಂಡ್ (ತಂತಿಗಳು ಅಡ್ಡಲಾಗಿ ಮಲಗಿರುವ ಬಗೆ) ಆದರೆ ಮುಚ್ಚಳ ಮುಚ್ಚಿ, ಕೆಳಗೆ ದಪ್ಪ ಜಮಖಾನ ಅಥವಾ ಕಾರ್ಪೆಟ್ ಹಾಸಿ, ಎದುರು ಗೋಡೆಗೆ ಭಾರದ ಪರದೆ ಬಿಡಿ, ಕಾಲುಗಳ ಕೆಳಗೆ ರಬ್ಬರ್ ಬಟ್ಟಲು ಇಡಿ. ಕೆಳಗಿನ ಮನೆಯವರಿಗೆ ಕೇಳುವುದು ಸಂಗೀತಕ್ಕಿಂತ ಹೆಚ್ಚಾಗಿ ಕೀ, ಪೆಡಲ್‌ಗಳ ಗುದ್ದು. ಅದು ಕಾಲುಗಳ ಮೂಲಕ ಸ್ಲ್ಯಾಬಿಗೆ ಇಳಿಯುತ್ತದೆ. ಹೀಗೆ ತಗ್ಗಿಸಿದ ಪ್ರತಿ ಡೆಸಿಬೆಲ್ ನೀವು ಸೊಲೆನಾಯ್ಡಿನಿಂದ ಕಸಿಯಬೇಕಿಲ್ಲ.

ಹಲವು ಅಪ್‌ರೈಟ್ (ತಂತಿಗಳು ನೇರ ನಿಂತಿರುವ ಬಗೆ) ಪಿಯಾನೊಗಳಲ್ಲಿ ಮಧ್ಯದ ಪೆಡಲ್ ಒತ್ತಿ ಪಕ್ಕಕ್ಕೆ ಸರಿಸಿದರೆ ಸುತ್ತಿಗೆ ಮತ್ತು ತಂತಿಯ ನಡುವೆ ಫೆಲ್ಟ್ (ಒತ್ತಿದ ಉಣ್ಣೆ) ಪಟ್ಟಿ ಇಳಿಯುತ್ತದೆ. ರಾತ್ರಿ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಹೆಡ್‌ಫೋನ್ ಸೌಲಭ್ಯ ಇರುವ ಮಾದರಿಗಳಲ್ಲಿ ಇದೇ ಪೆಡಲ್ ಸುತ್ತಿಗೆಯನ್ನು ಪೂರ್ತಿ ತಡೆಯುವ ದಂಡಕ್ಕೆ ಸೇರಿರಬಹುದು, ಕೈಪಿಡಿ ನೋಡಿ. ಅಪ್‌ರೈಟ್‌ನ ಎಡ ಪೆಡಲನ್ನು ಮಾತ್ರ ವಾಲ್ಯೂಮ್ ಗುಂಡಿಯಂತೆ ಕಟ್ಟಿಹಾಕಬೇಡಿ. ಅದು ಸುತ್ತಿಗೆಗಳನ್ನು ತಂತಿಯ ಹತ್ತಿರ ತರುತ್ತದೆ, ಕೀ ಮತ್ತು ಸುತ್ತಿಗೆಯ ನಡುವೆ ಸಡಿಲು ಬಿದ್ದು ಮೆಲುದನಿಯ ಸ್ವರಗಳೇ ಮೊದಲು ತಪ್ಪುತ್ತವೆ.

ಮುಚ್ಚಳ ಮುಚ್ಚಿ ಬಳಸುವುದಾದರೆ ಮುಂದಿನ ಅಳತೆಯೆಲ್ಲ ಮುಚ್ಚಿದ ಸ್ಥಿತಿಯಲ್ಲೇ ಆಗಲಿ. ಪಿಯಾನೊದ ಕೆಳಗೆ ತೂಗುವ ಕಂಟ್ರೋಲ್ ಪೆಟ್ಟಿಗೆ, ಪವರ್ ಸಪ್ಲೈಗಳಿಗೆ ಕಂಬಳಿ ಹೊದಿಸಬೇಡಿ. ಅವು ಉಸಿರಾಡಬೇಕು.

## ಹಂತ 4: ಕರೆಂಟ್

ಯಂತ್ರದ ಹಿಂದಿನ ಫಲಕ ಓದಿ. ಅಮೆರಿಕದಿಂದ ತಂದದ್ದಾದರೆ 120 ವೋಲ್ಟ್, ಜಪಾನಿನದಾದರೆ 100 ವೋಲ್ಟ್ ಇರಬಹುದು. ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಫಲಕದಲ್ಲಿರುವ ವ್ಯಾಟ್‌ಗಿಂತ ಕನಿಷ್ಠ ಒಂದೂವರೆ ಪಟ್ಟು ಇರಲಿ. ಚಿಕ್ಕದನ್ನು ತಂದರೆ ಒಂದೊಂದೇ ಸ್ವರ ಚೆನ್ನಾಗಿ ಕೇಳುತ್ತದೆ, ಹತ್ತು ಬೆರಳಿನ ಜೋರಾದ ಜಾಗ ಬಂದಾಗ ವೋಲ್ಟೇಜ್ ಕುಸಿದು ಅದರ ಹಿಂದೆಯೇ ಬರುವ ಮೆಲುಸ್ವರಗಳು ಉದುರುತ್ತವೆ. ವೆಲಾಸಿಟಿ 100ರ ಫೈಲ್ ಹಾಕಿ ಮೀಟರ್ ನೋಡಿ, ಆಮೇಲೆ ಎರಡೂ ಕೈ ತುಂಬಿದ ಒಂದು ಜೋರಾದ ತುಣುಕು ಹಾಕಿ ನೋಡಿ, ಅಂಕಿ ಅಲುಗಾಡಬಾರದು. ಮನೆಯ ಇನ್ವರ್ಟರ್ ಶುದ್ಧ ಸೈನ್ ವೇವ್ ಅಲ್ಲದಿದ್ದರೆ ಪಿಯಾನೊವನ್ನು ಅದರ ಲೈನಿನಿಂದ ತಪ್ಪಿಸಿ. ಕರೆಂಟ್ ಹೋದಾಗ ನಿಂತರೆ ನಿಲ್ಲಲಿ.

## ಹಂತ 5: ಎಲ್ಲ ಗುಂಡಿಗಳನ್ನೂ ಮೂಲಸ್ಥಿತಿಗೆ ತನ್ನಿ

ಆ್ಯಪ್‌ನ ವಾಲ್ಯೂಮ್, ರಿಮೋಟಿನದು, ಫೋನಿನದು, ಫೈಲಿನ ಒಳಗಿನದು ಹೀಗೆ ನಾಲ್ಕು ಕಡೆ ವಾಲ್ಯೂಮ್ ಇರುತ್ತದೆ, ಒಂದರ ಮೇಲೊಂದು ಕೂಡುತ್ತವೆ. ಹಳೆಯ ಅಂಕಿಗಳ ಫೋಟೊ ತೆಗೆದಿಟ್ಟುಕೊಂಡು, ಎಲ್ಲವನ್ನೂ ಕಂಪನಿ ಕೊಟ್ಟ ಮೂಲಬೆಲೆಗೆ ತನ್ನಿ.

ಹಳೆಯ ಮತ್ತು ಮಧ್ಯಮ ಕಾಲದ ಕೆಲವು ವ್ಯವಸ್ಥೆಗಳಲ್ಲಿ ಒಂದು ದೊಡ್ಡ ಬಲೆ ಇದೆ. ಅವುಗಳ ಹಾಡಿನ ಫೈಲಿನಲ್ಲಿ ಒಂದು ಚಾನೆಲ್ ಹಿನ್ನೆಲೆ ಸಂಗೀತ, ಇನ್ನೊಂದು ಚಾನೆಲ್‌ನಲ್ಲಿ ಕೀಗಳಿಗೆ ಕೊಡುವ ಆದೇಶಗಳೇ ಕರಕರ ಶಬ್ದದ ರೂಪದಲ್ಲಿರುತ್ತವೆ. ಫೋನಿನ ದನಿ ತಗ್ಗಿಸಿದರೆ ಆ ಶಬ್ದವೇ ಕ್ಷೀಣಿಸಿ ಯಂತ್ರಕ್ಕೆ ಓದಲಾಗದೆ ಪಿಯಾನೊ ತೊದಲುತ್ತದೆ. ಇಂಥಲ್ಲಿ ಫೋನಿನ ದನಿ ಕೈಪಿಡಿ ಹೇಳಿದ ಮಟ್ಟದಲ್ಲೇ ಇರಬೇಕು; ಈಕ್ವಲೈಜರ್, ಮೊನೊ, ದನಿ ಸುಧಾರಿಸುವ ಆಯ್ಕೆಗಳೆಲ್ಲ ಆಫ್. ಆ ಫೈಲನ್ನು ಚಿಕ್ಕದು ಮಾಡಲು ಕಡಿಮೆ ಗುಣಮಟ್ಟದ ಎಂಪಿ3ಗೆ ಬದಲಿಸಿದರೂ ಆದೇಶಗಳು ಹಾಳಾಗುತ್ತವೆ.

ಸ್ವರ ತೊದಲುತ್ತಿದೆಯೋ ನುಂಗುತ್ತಿದೆಯೋ ಗುರುತಿಸುವುದು ಸುಲಭ. ಜೋರು, ಮೆಲು ಎಂಬ ಭೇದವಿಲ್ಲದೆ ಎಲ್ಲೆಂದರಲ್ಲಿ ತಪ್ಪಿದರೆ ಆದೇಶದ ತೊಂದರೆ. ಮೆಲುಸ್ವರ ಮಾತ್ರ ತಪ್ಪಿದರೆ ಕೆಳಮಿತಿಯ ತೊಂದರೆ, ಮುಂದೆ ಓದಿ.

## ಹಂತ 6: ಕೆಳಮಿತಿ ಹುಡುಕುವುದು

ಮೊದಲು ಮಧ್ಯಮ ದನಿಯಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಏನಾದರೂ ನುಡಿಸಲು ಬಿಡಿ. ತಾಮ್ರದ ಸುರುಳಿ ಬಿಸಿಯಾದಂತೆ ಅದರ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4 ಪ್ರತಿಶತ ಏರುತ್ತದೆ. 40 ಡಿಗ್ರಿ ಏರಿದರೆ ಅದೇ ವೋಲ್ಟೇಜಿಗೆ ಕರೆಂಟು ಸುಮಾರು 14 ಪ್ರತಿಶತ ಇಳಿಯಿತು, ಬಲವೂ ಇಳಿಯಿತು. ತಣ್ಣಗಿರುವಾಗ ಹೊಂದಿಸಿದವರ ಪಿಯಾನೊ ಅರ್ಧ ಗಂಟೆಯಾದ ಮೇಲೆ ಸ್ವರ ಬಿಡಲು ಶುರುಮಾಡುವುದು ಇದರಿಂದ.

ಯಂತ್ರಕ್ಕೆ ತಾನೇ ಅಳೆದುಕೊಳ್ಳುವ ಸೌಲಭ್ಯ ಇದ್ದರೆ ಈಗ ಅದನ್ನು ಓಡಿಸಿ. ಆ ಹೊತ್ತಿನಲ್ಲಿ ಕೀಗಳನ್ನು ಮುಟ್ಟಬಾರದು, ಪಿಯಾನೊ ಮೇಲೆ ಏನೂ ಇಡಬಾರದು. ಆಮೇಲೆ:

1. ವೆಲಾಸಿಟಿ 30ರ ಫೈಲ್ ಹಾಕಿ. 88 ಸೆಕೆಂಡು. ನೋಟ್‌ಬುಕ್‌ನಲ್ಲಿ ಪ್ರತಿ ಸ್ವರಕ್ಕೂ ಗುರುತು: ದನಿ ಬಂತು, ಬರಲಿಲ್ಲ, ಅಕ್ಕಪಕ್ಕಕ್ಕಿಂತ ಜೋರಾಯಿತು. ಕೀ ಇಳಿದು ಬರಿಯ ‘ಟಕ್’ ಎಂಬ ಮರದ ಸದ್ದು ಬಂದರೆ ಅದೂ ‘ಬರಲಿಲ್ಲ’ ಎಂದೇ ಲೆಕ್ಕ.

2. ಹತ್ತಕ್ಕಿಂತ ಹೆಚ್ಚು ಸ್ವರ ಸತ್ತಿದ್ದರೆ ಒಟ್ಟಾರೆ ಕನಿಷ್ಠ ಬಲವನ್ನು ಒಂದೇ ಒಂದು ಮೆಟ್ಟಿಲು ಏರಿಸಿ ಮತ್ತೆ ನುಡಿಸಿ. ಹತ್ತಕ್ಕಿಂತ ಕಡಿಮೆಯಾಗುವವರೆಗೆ ಹೀಗೆ. ಒಮ್ಮೆಲೇ ಐದು ಮೆಟ್ಟಿಲು ಹಾರಿದವರು ಕೊನೆಗೆ ಮೆಲುದನಿಯೇ ಇಲ್ಲದ ಪಿಯಾನೊ ಮಾಡಿಟ್ಟಿರುತ್ತಾರೆ.

3. ಉಳಿದ ಕೆಲವನ್ನು ಪ್ರತಿ ಸ್ವರದ ಹೊಂದಾಣಿಕೆಯಲ್ಲಿ ಒಂದೊಂದಾಗಿ ಏರಿಸಿ, ಜೋರಾದವನ್ನು ಇಳಿಸಿ. ಎಡಬದಿಯ ಮಂದ್ರದ ಸುತ್ತಿಗೆಗಳು ಭಾರ, ಅವಕ್ಕೆ ಹೆಚ್ಚು ಬಲ ಬೇಕಾಗುವುದು ಸಹಜ. ಮಧ್ಯದಲ್ಲಿ ಒಂದೇ ಒಂದು ಕೀ ಅಕ್ಕಪಕ್ಕಕ್ಕಿಂತ ತುಂಬಾ ಬಲ ಕೇಳಿದರೆ ಕೊಡಬೇಡಿ. 2ನೇ ಹಂತಕ್ಕೆ ಮರಳಿ, ಅಲ್ಲಿ ಚುಕ್ಕೆ ಬಿದ್ದಿರುತ್ತದೆ.

4. ಎಲ್ಲ 88 ಬಂದ ಮೇಲೆ ಒಟ್ಟಾರೆ ಕನಿಷ್ಠ ಬಲವನ್ನು ಇನ್ನೊಂದು ಮೆಟ್ಟಿಲು ಏರಿಸಿ ಬಿಡಿ. ಇದು ಮಳೆಗಾಲದ ಮೀಸಲು.

5. ಒಂದೇ ಸ್ವರವನ್ನು ಸೆಕೆಂಡಿಗೆ ನಾಲ್ಕು ಬಾರಿ, ಆಮೇಲೆ ಆರು ಬಾರಿ, ವೆಲಾಸಿಟಿ 45ರಲ್ಲಿ ಬಡಿಯುವ ಸಣ್ಣ ಫೈಲ್ ಮಾಡಿ ಮಧ್ಯದ ಮೂರು ಸಪ್ತಕಗಳಲ್ಲಿ ಓಡಿಸಿ. ಗ್ರ್ಯಾಂಡ್‌ನಲ್ಲಿ ಕೀ ಪೂರ್ತಿ ಮೇಲೆ ಬರದೆಯೂ ಮತ್ತೆ ಬಡಿಯುವ ವ್ಯವಸ್ಥೆ ಇದೆ, ಅಪ್‌ರೈಟ್‌ನಲ್ಲಿ ಇಲ್ಲ. ಅಪ್‌ರೈಟ್‌ನಲ್ಲಿ ಆರರ ಪರೀಕ್ಷೆ ಒಂದೆರಡು ಕಡೆ ತಪ್ಪಿದರೆ ಬಲ ಏರಿಸುವುದರಿಂದ ಸರಿಹೋಗುವುದಿಲ್ಲ. ಕೀ ವಾಪಸ್ ಬರುವ ವೇಗ ಅಷ್ಟೇ. ಅದನ್ನು ಹಾಗೇ ಬಿಡಿ.

ಮೆಲುಸ್ವರ ಬರುತ್ತಿದೆ, ಆದರೆ ತಡವಾಗಿ ಬರುತ್ತಿದೆ ಅನ್ನಿಸಿದರೆ ಅದು ಬೇರೆ ಸಂಗತಿ. ಜೋರಾದ ಬಡಿತದಲ್ಲಿ ಕೀ ಒತ್ತಿದ್ದರಿಂದ ತಂತಿ ತಾಗುವವರೆಗೆ ಸುಮಾರು 25 ಮಿಲಿಸೆಕೆಂಡು; ತೀರ ಮೆಲ್ಲಗಾದರೆ 150 ದಾಟಬಹುದು. ಇದನ್ನು ಸರಿದೂಗಿಸಲು ಡಿಸ್ಕ್‌ಲೇವಿಯರ್ ಹೊರಗಿನಿಂದ ಬಂದ ಮಿಡಿಯನ್ನು 500 ಮಿಲಿಸೆಕೆಂಡು ತಡೆದಿಟ್ಟುಕೊಂಡು ಎಲ್ಲವನ್ನೂ ಜೋಡಿಸಿ ನುಡಿಸುತ್ತದೆ. ಆ ವಿಳಂಬದ ಆಯ್ಕೆಯನ್ನು ಯಾರೋ ಆಫ್ ಮಾಡಿರುತ್ತಾರೆ, ವಾಲ್ಯೂಮ್ ತಪ್ಪೆಂದು ನಾವು ತಿಳಿಯುತ್ತೇವೆ.

## ಹಂತ 7: ಮೇಲ್ಮಿತಿ

ವೆಲಾಸಿಟಿ 100ರ ಫೈಲ್ ಹಾಕಿ, ಫೋನನ್ನು ನೀವು ಕೂರುವ ಸೋಫಾದ ಮೇಲಿಟ್ಟು ಡೆಸಿಬೆಲ್ ನೋಡಿ, ಗರಿಷ್ಠ ಬಲವನ್ನು ಸಾಕೆನಿಸುವವರೆಗೆ ಇಳಿಸಿ. ಕೆಳಮಿತಿಗೆ ತೀರ ಹತ್ತಿರ ತರಬೇಡಿ. ತಂದರೆ ಜೋರು, ಮೆಲು ಎಲ್ಲ ಒಂದೇ ಆಗಿ ಸಂಗೀತ ಟೈಪ್‌ರೈಟರ್ ಆಗುತ್ತದೆ. 30ರ ಫೈಲಿಗೂ 100ರ ಫೈಲಿಗೂ ನಡುವೆ ಕನಿಷ್ಠ 15 ಡೆಸಿಬೆಲ್ ಅಂತರ ಉಳಿಸಿಕೊಳ್ಳಿ. ಫೋನಿನ ಅಂಕಿ ನಿಖರವಲ್ಲದಿದ್ದರೂ ಅಂತರ ತಿಳಿಯಲು ಸಾಕು.

ಅಂತರ ಉಳಿಸಿಕೊಂಡೂ ಜೋರೇ ಆಯಿತೆಂದರೆ ಸುತ್ತಿಗೆಯ ಫೆಲ್ಟ್ ಗಟ್ಟಿಯಾಗಿರಬಹುದು. ತಂತ್ರಜ್ಞರು ಸೂಜಿಯಿಂದ ಚುಚ್ಚಿ ಮೆದು ಮಾಡುತ್ತಾರೆ. ಆ ಸೂಜಿಯನ್ನು ನೀವು ಹಿಡಿಯಬೇಡಿ, ಹೆಚ್ಚು ಚುಚ್ಚಿದ ಫೆಲ್ಟ್ ಮೊದಲಿನಂತಾಗದು.

ರಾತ್ರಿಯ ಲೆಕ್ಕ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ರಾತ್ರಿ 10ರ ನಂತರ 45. ಕಿಟಕಿ ಮುಚ್ಚಿ, ಮನೆಯ ಹೊರಗೆ ಮೆಟ್ಟಿಲ ಬಳಿ ನಿಂತು ಅಳೆಯಿರಿ. 10ರ ನಂತರ ಫೆಲ್ಟ್ ಪಟ್ಟಿ ಇಲ್ಲವೇ ಹೆಡ್‌ಫೋನ್.

## ಹಂತ 8: ಪೆಡಲ್

ದನಿ ತಗ್ಗಿಸಿದಾಗ ಪೆಡಲಿನ ಗುದ್ದು ಎದ್ದು ಕಾಣುತ್ತದೆ. ಅದರ ಸೊಲೆನಾಯ್ಡ್ ಎಲ್ಲಕ್ಕಿಂತ ದೊಡ್ಡದು, ಎಲ್ಲ ಡ್ಯಾಂಪರ್‌ಗಳನ್ನೂ ಒಟ್ಟಿಗೆ ಎತ್ತಬೇಕು. ಪೆಡಲ್ ಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಒಂದು ಸ್ವರವನ್ನು ಹಿಡಿದು ನೋಡಿ. ಸ್ವರ ಬೇಗ ಸಾಯಲು ತೊಡಗಿದ ಜಾಗದಿಂದ ಎರಡು ಮೆಟ್ಟಿಲು ಮೇಲೆ ನಿಲ್ಲಿಸಿ.

## ಹಂತ 9: ಸ್ಪೀಕರ್, ಕೊನೆಗೆ ಫೈಲ್

ಹಾಡುಗಾರಿಕೆ, ತಂತಿವಾದ್ಯಗಳ ಹಿನ್ನೆಲೆ ಇರುವ ಫೈಲುಗಳಲ್ಲಿ ಮೊದಲು ಪಿಯಾನೊ ಮಟ್ಟ ನಿಲ್ಲಿಸಿ, ಸ್ಪೀಕರನ್ನು ಅದಕ್ಕೆ ಹೊಂದಿಸಿ. ಉಲ್ಟಾ ಮಾಡಿದರೆ ಪಿಯಾನೊ ಸ್ಪೀಕರನ್ನು ಬೆನ್ನಟ್ಟುತ್ತಾ ಕೆಳಮಿತಿ ಮತ್ತೆ ಹಾಳಾಗುತ್ತದೆ.

ಈಗ ಮಾತ್ರ ದಿನನಿತ್ಯದ ವಾಲ್ಯೂಮ್ ಗುಂಡಿ. ಒಂದು ಹಾಡು ಮಾತ್ರ ಸ್ವರ ನುಂಗಿದರೆ ತಪ್ಪು ಆ ಫೈಲಿನದು. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಮಿಡಿಗಳು ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಬರೆದವು, ಅವುಗಳಲ್ಲಿ ವೆಲಾಸಿಟಿ 10, 15 ಇರುತ್ತದೆ. ನಿಜವಾದ ಸುತ್ತಿಗೆಗೆ ಅದು ಮೌನವೇ. ತಂತ್ರಾಂಶದಲ್ಲಿ ತೆರೆದು ಕಡಿಮೆಯಿದ್ದವನ್ನು 30ಕ್ಕೆ ಏರಿಸಿ ಉಳಿಸಿಕೊಳ್ಳಿ. ಒಂದು ಹಾಡಿಗಾಗಿ ಇಡೀ ಪಿಯಾನೊದ ಕೆಳಮಿತಿ ಬದಲಿಸಬೇಡಿ.

## ಕೂಡಲೇ ಸ್ವಿಚ್ ಆಫ್ ಮಾಡಬೇಕಾದ ಲಕ್ಷಣಗಳು

ಸುಟ್ಟ ವಾಸನೆ. ಹಾಡು ನಿಂತರೂ ಕೆಳಗೇ ಕೂತಿರುವ ಕೀ. ಆ ಸೊಲೆನಾಯ್ಡಿಗೆ ಕರೆಂಟು ಹರಿಯುತ್ತಲೇ ಇದೆ, ನಿಮಿಷಗಳಲ್ಲಿ ಸುರುಳಿ ಸುಡುತ್ತದೆ, ರಿಮೋಟ್ ಹುಡುಕದೆ ಗೋಡೆಯ ಸ್ವಿಚ್ ಒತ್ತಿ. ಕೆಳಗಿನಿಂದ ಬಿಡದೆ ಬರುವ ಗುಂಯ್‌ಗುಟ್ಟುವ ಸದ್ದು. ಪದೇ ಪದೇ ಹಾರುವ ಎಂಸಿಬಿ. ಇವುಗಳಲ್ಲಿ ಯಾವುದು ಕಂಡರೂ ಫ್ಯೂಸ್ ಬದಲಿಸಿ ಮತ್ತೆ ಹಚ್ಚುವುದು ಬೇಡ. ಕೀಗಳ ಕೆಳಗಿನ ಸೊಲೆನಾಯ್ಡ್ ಸಾಲನ್ನು ಬಿಚ್ಚುವ ಸಾಹಸವೂ ಬೇಡ. ಅದರ ಕಡ್ಡಿ ಮತ್ತು ಕೀಯ ನಡುವಿನ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ, ಕಣ್ಣಳತೆಯಲ್ಲಿ ಮತ್ತೆ ಕೂರಿಸಲಾಗದು.

## ಮತ್ತೆ ಯಾವಾಗ?

ಜೂನ್ ಕೊನೆಯಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ, ಮತ್ತು ಪ್ರತಿ ಬಾರಿ ತಂತ್ರಜ್ಞರು ಕೀಗಳನ್ನು ಹೊರಗೆಳೆದು ಕೆಲಸ ಮಾಡಿದ ಮೇಲೆ ವೆಲಾಸಿಟಿ 30ರ ಫೈಲ್ ಹಾಕಿ. ಹಳೆಯ ನೋಟ್‌ಬುಕ್ ಪಕ್ಕದಲ್ಲಿರಲಿ. ಹೋದ ಸಲ ಸತ್ತ ಸ್ವರಗಳೇ ಈ ಸಲವೂ ಸತ್ತರೆ ಆ ಪುಟವನ್ನೇ ತಂತ್ರಜ್ಞರ ಕೈಗೆ ಕೊಡಿ, ಎಲ್ಲಿಂದ ಶುರುಮಾಡಬೇಕೆಂದು ಅವರಿಗೆ ತಿಳಿಯುತ್ತದೆ.